ಅವಳಿಗೆ ಹೇಳು, ಅವನಿಗೆ ಹೇಳು

"ಸಣ್ಣ ಸ್ಕ್ರೂಡ್ರೈವರ್ ಕೊಡಾಕೆ ಹೇಳು ಅವಳಿಗೆ."

ಸ್ಕ್ರೂಡ್ರೈವರ್ ಇದ್ದದ್ದು ಅವಳ ಮೊಣಕೈ ಪಕ್ಕದಲ್ಲಿ. ಅವನು ಕೂತಿದ್ದದ್ದು ಅದೇ ಮೇಜಿನ ಎದುರು ಬದಿಯಲ್ಲಿ. ಕೈ ಚಾಚಿದರೆ ಸಿಗುತ್ತಿತ್ತು. ನಾನು ಕೋಣೆಯ ಆ ತುದಿಯಲ್ಲಿ, ಕಿಟಕಿ ಹತ್ತಿರ, ನನ್ನ ಪಾಡಿಗೆ ಏನೋ ಓದುತ್ತಿದ್ದೆ.

"ಅವನಿಗೆ ಹೇಳು, ತಗೊಂಡ ಸಾಮಾನು ವಾಪಸ್ ಅದೇ ಜಾಗದಾಗೆ ಇಡಾಕೆ," ಎಂದಳು ಅವಳು, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

ನಾನು ಪುಸ್ತಕ ಮಡಚಿ ಬಂದೆ. ಸ್ಕ್ರೂಡ್ರೈವರ್ ಎತ್ತಿ ಅವನ ಕೈಗಿಟ್ಟು, "ವಾಪಸ್ ಅಲ್ಲೇ ಇಡಬೇಕಂತೆ," ಎಂದೆ.

"ಕೇಳಿಸ್ತು."

"ಕೇಳಿಸಿದ್ರೆ ನಾನ್ಯಾಕೆ ಹೇಳ್ಬೇಕು?"

"ನೀನು ಹೇಳಿಲ್ಲ ಅಂದ್ರೆ ಕೇಳಿಸಿಲ್ಲ ಅಂತ ಲೆಕ್ಕ."

ಇಂಥ ತರ್ಕಕ್ಕೆ ಯಾವ ಚರ್ಚಾಸ್ಪರ್ಧೆಯಲ್ಲೂ ಉತ್ತರ ಕಲಿಸುವುದಿಲ್ಲ.

ನಮ್ಮದು ಚನ್ನಗಿರಿಯ ಒಂದು ಡಿಪ್ಲೊಮಾ ಕಾಲೇಜು. ನಾವು ಕೊನೆಯ ವರ್ಷದವರು. ರೋಬೋಟಿಕ್ಸ್ ತಂಡ ಅಂದರೆ ದೊಡ್ಡದೇನೋ ಇರಬೇಕು ಅನ್ನಿಸುತ್ತದೆ. ಇದ್ದದ್ದು ನಾಲ್ಕು ಜನ, ಒಂದು ಮೇಜು, ಕಿಟಕಿಗೆ ಕಂಬಿ ಹಾಕಿದ ಒಂದು ಕೋಣೆ. ಹಿಂದೆ ಅದು ಹಳೇ ಪರೀಕ್ಷೆ ಪತ್ರಿಕೆಗಳನ್ನು ತುಂಬಿಡುವ ಕೋಣೆಯಾಗಿತ್ತಂತೆ, ಹಾಗಾಗಿ ಕಳ್ಳರು ಬಾರದಂತೆ ಎಲ್ಲ ಏರ್ಪಾಡೂ ಇತ್ತು. ಒಳಗಿದ್ದವರು ಹೊರಗೆ ಹೋಗುವ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ.

ರೋಬೋಗೆ ನಾವು ಗಾಡಿ ಅನ್ನುತ್ತಿದ್ದೆವು. ಗಾಡಿ ಕಟ್ಟುವವನು ಹೊನ್ನಾಳಿಯವನು. ಅಲ್ಯುಮಿನಿಯಂ ಕಿಟಕಿ ಮಾಡುವ ಅಂಗಡಿಯವರು ಬಿಸಾಕಿದ ತುಂಡುಗಳನ್ನು ಬೇಡಿ ತಂದು ಅದರ ಮೈ ಕಟ್ಟಿದ್ದ, ಮುಂದೆ ಇಕ್ಕಳದಂಥ ಒಂದು ಕೈ ಕೂರಿಸಿದ್ದ. ಅದಕ್ಕೆ ಪ್ರೋಗ್ರಾಂ ಬರೆಯುವವಳು ಜಗಳೂರು ಕಡೆಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದಳು. ವೈರು ಜೋಡಿಸುವವನು ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯವನು. ತಂಡದಲ್ಲಿ ಜಾಣ ಅಂದರೆ ಅವನೇ. ಗಲಾಟೆ ಶುರುವಾದ ದಿನವೇ ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡವನು ಮತ್ತೆ ತೆಗೆಯಲಿಲ್ಲ.

ನಾನು ಇದೇ ಊರಿನವಳು, ಓದುತ್ತಿದ್ದದ್ದು ಸಿವಿಲ್. ಗಾಡಿಯ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ತೀರ್ಪುಗಾರರ ಮುಂದೆ ಚೆನ್ನಾಗಿ ವಿವರಿಸಿದರೆ ಅದಕ್ಕೂ ಅಂಕ ಇದೆ ಎಂದು ಲ್ಯಾಬ್ ನೋಡಿಕೊಳ್ಳುವ ಸರ್ ನನ್ನನ್ನು ಸೇರಿಸಿಕೊಂಡಿದ್ದರು. "ನೀನು ಬರೀ ಮಾತಾಡಿದ್ರೆ ಸಾಕಮ್ಮ," ಅಂದಿದ್ದರು. "ಬರೀ" ಎಂಬ ಪದ ಯಾರ ಬಾಯಲ್ಲಿ ಬಂದರೂ ಪುರಾವೆ ಕೇಳಬೇಕು ಎಂದು ಈಗ ತಿಳಿದಿದೆ.

ಜಗಳಕ್ಕೆ ಕಾರಣ ಬ್ಯಾಟರಿ. ಕಾಲೇಜು ವಾರ್ಷಿಕೋತ್ಸವದಲ್ಲಿ ಮೇಜಿನ ಮೇಲೆ ಗಾಡಿ ಓಡಿಸಿ ತೋರಿಸಬೇಕಿತ್ತು. ಇಕ್ಕಳದ ಭಾರಕ್ಕೆ ಗಾಡಿ ಮೂಗು ಮುಗ್ಗರಿಸುತ್ತದೆ ಎಂದು ಹೊನ್ನಾಳಿಯವನು ಹಿಂದಿನ ಸಂಜೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದ. ಅವಳಿಗೆ ಹೇಳಲಿಲ್ಲ. ಅವಳು ತಿರುವುಗಳ ವೇಗವನ್ನು ಹಳೇ ತೂಕಕ್ಕೆ ಹೊಂದಿಸಿಟ್ಟಿದ್ದಳು. ಮಾರನೆಯ ದಿನ ಗಾಡಿ ಮೊದಲ ತಿರುವಿನಲ್ಲಿ ತಿರುಗಿತು, ತಿರುಗುತ್ತಲೇ ಹೋಯಿತು, ಮೇಜು ದಾಟಿ ಮುಖ್ಯ ಅತಿಥಿಗಳ ಕಾಲ ಬುಡಕ್ಕೆ ಬಿತ್ತು. ಅವರು ಪಾಪ ಚಪ್ಪಾಳೆ ತಟ್ಟಿದರು, ಅದೂ ಕಾರ್ಯಕ್ರಮದ ಭಾಗ ಅಂದುಕೊಂಡು.

"ಕೂತ್ಕೊಂಡು ಟೈಪ್ ಮಾಡೋರಿಗೆ ತೂಕ ಹೆಂಗೆ ಗೊತ್ತಾಗ್ಬೇಕು?" ಎಂದ ಅವನು, ಎಲ್ಲರೆದುರು.

"ಹೇಳ್ದೆ ಕೇಳ್ದೆ ಬ್ಯಾಟರಿ ಸರಿಸೋದು ಗ್ಯಾರೇಜಿನಾಗೆ ನಡೀತೈತೆ. ಇಲ್ಲಲ್ಲ."

"ನಿಮ್ಮ ಜಗಳೂರಾಗೆ ನೀರೂ ಇಲ್ಲ, ನಿಧಾನನೂ ಇಲ್ಲ."

"ನಿಮ್ಮ ಹೊನ್ನಾಳ್ಯಾಗೆ ಹೊಳೆ ಹರೀತೈತಲ್ಲ, ಅದಕ್ಕೇ ಬಾಯಿಗೆ ಒಡ್ಡಿಲ್ಲ."

ಇಲ್ಲಿಯವರೆಗೆ ನನಗೆ ಚಿಂತೆ ಇರಲಿಲ್ಲ. ಎರಡೂ ಕಡೆ ವಾದ ಚೆನ್ನಾಗಿತ್ತು, ಸಮಬಲವೂ ಇತ್ತು. ಆದರೆ ಮಾರನೆಯ ದಿನ ಅವರು ಜಗಳ ನಿಲ್ಲಿಸಿ ಮಾತು ಬಿಟ್ಟರು. ನಮ್ಮ ಕಡೆ ಜಗಳ ಆಡುವುದು ಬೇರೆ, ಮಾತು ಬಿಡುವುದು ಬೇರೆ. ಜಗಳಕ್ಕೆ ಸುಸ್ತಾಗುತ್ತದೆ, ಮುಗಿಯುತ್ತದೆ. ಮಾತು ಬಿಡುವುದು ಒಂದು ವ್ಯವಸ್ಥೆ. ಅದಕ್ಕೆ ಕಾಯಿದೆಗಳಿವೆ. ಮಾತು ಬಿಟ್ಟವರು ಒಂದೇ ಕೋಣೆಯಲ್ಲಿ ಇರಬಹುದು, ಒಂದೇ ಕೆಲಸ ಮಾಡಬಹುದು, ಒಬ್ಬರ ಡಬ್ಬಿಯ ಚಿತ್ರಾನ್ನವನ್ನು ಇನ್ನೊಬ್ಬರು ತಿನ್ನಲೂಬಹುದು. ಮುಖ ನೋಡಿ ಹೇಳುವ ಹಾಗಿಲ್ಲ, ಅಷ್ಟೇ. ಹೇಳಬೇಕಾದ್ದನ್ನು ಮೂರನೆಯವರಿಗೆ ಹೇಳಬೇಕು. ಮತ್ತು ಯಾರು ಮೊದಲು ನೇರವಾಗಿ ಮಾತಾಡುತ್ತಾರೋ ಅವರು ಸೋತಂತೆ. ಈ ಕಾಯಿದೆ ಎಲ್ಲಿ ಬರೆದಿದೆ ಎಂದು ನಾನು ಕೇಳದ ಮನುಷ್ಯರಿಲ್ಲ. ಎಲ್ಲರೂ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

ಮೂರನೆಯವಳಾಗಿ ನನಗೆ ಅನುಭವ ಸಾಕಷ್ಟಿತ್ತು. ನಮ್ಮ ಮನೆಯಲ್ಲಿ ಅಮ್ಮ ಮತ್ತು ದೊಡ್ಡಮ್ಮ ಮಾತು ಬಿಟ್ಟಿದ್ದಾರೆ; ಆ ಮೌನಕ್ಕೆ ನನಗಿಂತ ಹೆಚ್ಚು ವಯಸ್ಸಾಗಿದೆ. ಮನೆ ಒಂದೇ, ಅಡುಗೆಮನೆ ಒಂದೇ, ಒಲೆ ಎರಡು. ಕಾರಣ ಒಂದು ಸೀರೆ ಎನ್ನುತ್ತಾಳೆ ಅಮ್ಮ. ಸೀರೆಯಲ್ಲ, ಆ ದಿನ ಆಡಿದ ಮಾತು ಎನ್ನುತ್ತಾಳೆ ದೊಡ್ಡಮ್ಮ. ನನಗೆ ಮಾತು ಬಂದಾಗಿನಿಂದ "ನಿಮ್ಮ ದೊಡ್ಡಮ್ಮಗೆ ಹೇಳು", "ನಿಮ್ಮಮ್ಮಗೆ ಹೇಳು" ಇವೆರಡರ ನಡುವೆ ಓಡಾಡಿದ್ದೇನೆ. ಒಮ್ಮೆ ಸಿಟ್ಟು ಬಂದು ಅಮ್ಮನನ್ನು ಕೇಳಿದ್ದೆ:

"ನಾನು ಹುಟ್ಟೋಕೆ ಮುಂಚೆ ಯಾರ ಕೈಲಿ ಹೇಳಿ ಕಳಿಸ್ತಿದ್ರಿ?"

"ಬೆಕ್ಕಿತ್ತಲ್ಲ," ಎಂದಿದ್ದಳು ಅಮ್ಮ, ಅದೇನು ದೊಡ್ಡ ವಿಷಯ ಎಂಬಂತೆ. "ಬೆಕ್ಕಿಗೆ ಹೇಳ್ತಿದ್ವಿ. ಕೇಳಬೇಕಾದೋರು ಕೇಳಿಸ್ಕೋತಿದ್ರು."

ಬೆಕ್ಕು ಸತ್ತ ಮೇಲೆ ಆ ಹುದ್ದೆ ನನಗೆ ಬಂತು. ಶಾಲೆಯಲ್ಲಿ ನಾನು ಮೊದಲ ಚರ್ಚಾಸ್ಪರ್ಧೆಗೆ ನಿಂತಾಗ ಮೇಷ್ಟ್ರು, "ಎರಡೂ ಪಕ್ಷದ ವಾದ ಇವಳಿಗೆ ಹೆಂಗೆ ಬರ್ತೈತೆ ನೋಡ್ರಿ," ಎಂದು ಆಶ್ಚರ್ಯಪಟ್ಟಿದ್ದರು. ಬಾರದೆ ಏನು ಮಾಡುತ್ತದೆ? ಆ ವೇದಿಕೆಯಲ್ಲಿ ಮಾತ್ರ ನನಗೆ ನನ್ನದೇ ಒಂದು ಮಾತಿತ್ತು. ನಿಗದಿ ಮಾಡಿದ ಹೊತ್ತು ಯಾರದ್ದನ್ನೂ ಯಾರಿಗೂ ಮುಟ್ಟಿಸದೆ, ನಾನು ಯೋಚಿಸಿದ್ದನ್ನು ನಾನೇ ಹೇಳಬಹುದಿತ್ತು. ಅಂಥ ಜಾಗ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಆ ವರ್ಷದ ಅಂತರಕಾಲೇಜು ಚರ್ಚಾಸ್ಪರ್ಧೆ ಶಿವಮೊಗ್ಗದಲ್ಲಿ ಎಂದು ತಿಳಿದಾಗ ಕುಣಿದಾಡಿದ್ದೆ. ಹಿಂದಿನ ವರ್ಷ ಎರಡನೇ ಬಹುಮಾನಕ್ಕೆ ನಿಂತಿದ್ದೆ. ಇದು ಕೊನೆಯ ಅವಕಾಶ. ದಿನಾಂಕ ನೋಡಿದರೆ ಶನಿವಾರ. ಅದೇ ಶನಿವಾರ ದಾವಣಗೆರೆಯಲ್ಲಿ ನಮ್ಮ ಗಾಡಿಯ ಪಂದ್ಯ.

ಪಂದ್ಯದ ನಿಯಮ ಹೀಗಿತ್ತು. ಮೊದಲರ್ಧ ದಾರಿಯಲ್ಲಿ ಗಾಡಿ ಕಪ್ಪು ಗೆರೆ ಹಿಡಿದು ತಾನೇ ಹೋಗಬೇಕು. ಉಳಿದರ್ಧದಲ್ಲಿ ಇಕ್ಕಳದಲ್ಲಿ ಒಂದು ಮರದ ತುಂಡು ಹಿಡಿದು ಕೊನೆಗೆ ಮುಟ್ಟಿಸಬೇಕು; ಅದಕ್ಕೆ ಒಬ್ಬರು ರಿಮೋಟ್ ಹಿಡಿದು ಅಖಾಡಕ್ಕೆ ಬೆನ್ನು ಹಾಕಿ ನಿಲ್ಲಬೇಕು, ಇನ್ನೊಬ್ಬರು ನೋಡಿ ದಾರಿ ಹೇಳಬೇಕು. ರಿಮೋಟ್ ಹೊನ್ನಾಳಿಯವನದ್ದು, ಅದರಲ್ಲಿ ಎರಡು ಮಾತಿರಲಿಲ್ಲ. ದಾರಿ ಹೇಳಲು ಸಹಜವಾಗಿ ಜಗಳೂರಿನವಳು ನಿಲ್ಲಬೇಕಿತ್ತು. ಗಾಡಿ ಎಷ್ಟು ಜಾರುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲ ಅವಳಿಗೆ ಗೊತ್ತು. ಅವಳು ಅವನಿಗೆ ದಾರಿ ಹೇಳುವುದಿಲ್ಲ ಎಂದಳು. ಗೋವಿನಕೋವಿಯವನನ್ನು ಕೇಳಿದರೆ ಒಂದು ಇಯರ್‌ಫೋನ್ ತೆಗೆದು, "ನಂಗೆ ಎಡ ಬಲ ಯಾವ್ದು ಅಂತ ಗಲಿಬಿಲಿ ಆಗ್ತೈತೆ ಸರ್," ಎಂದು ಮತ್ತೆ ಹಾಕಿಕೊಂಡ. ದಿನಾ ಬೈಕು ಓಡಿಸಿಕೊಂಡು ಬರುವ ಹುಡುಗ ಅವನು.

ಉಳಿದವಳು ನಾನು.

ಸ್ಟಾಫ್ ರೂಮಿಗೆ ಹೋಗಿ ಸರ್ ಹತ್ತಿರ ವಾದಿಸಿದೆ. ನಾನು ತಂಡದ ಭಾಗವಲ್ಲ, ತಂಡದ ಲೋಪ. ಲೋಪವನ್ನು ಸರಿಪಡಿಸಬೇಕೇ ಹೊರತು ಅದಕ್ಕೆ ಕುರ್ಚಿ ಹಾಕಿ ಕೂರಿಸಬಾರದು ಎಂದೆ. ಸರ್ ಪೂರ್ತಿ ಕೇಳಿದರು. ಅವರಿಗೆ ಸಿಟ್ಟೂ ಬರುವುದಿಲ್ಲ, ಮನಸ್ಸೂ ಬದಲಾಗುವುದಿಲ್ಲ.

"ನೋಡಮ್ಮ. ಅವ್ರಿಬ್ರೂ ನನ್ನ ಮುಂದೆ ನೇರವಾಗಿ ಒಂದ್ ಮಾತು ಆಡ್ಲಿ. 'ಊಟ ಆಯ್ತಾ' ಅಂದ್ರೂ ಸಾಕು. ಅವತ್ತೇ ನೀನು ಶಿವಮೊಗ್ಗಕ್ಕೆ ಹೋಗು, ಬಸ್ ಹತ್ಸಾಕೆ ನಾನೇ ಬರ್ತೀನಿ. ಅಲ್ಲೀತನ ನೀನು ಬಿಟ್ರೆ ಗಾಡಿ ನಿಲ್ತೈತೆ."

ಒಂದು ಮಾತು. ಎರಡು ವಾರಕ್ಕಿಂತ ಹೆಚ್ಚು ಸಮಯವಿತ್ತು. ಮಾತಾಡಿಸುವುದೇ ಕಲಿತ ವಿದ್ಯೆ ಎಂದುಕೊಂಡವಳಿಗೆ ಇದು ಸುಲಭ ಅನ್ನಿಸಿತು.

ಮೊದಲು ನನಗೆ ತಿಳಿದ ದಾರಿಯನ್ನೇ ಹಿಡಿದೆ. ಲ್ಯಾಬಿನಲ್ಲೇ ಒಂದು ಚರ್ಚೆ ಏರ್ಪಡಿಸಿದೆ. ವಿಷಯ: ಬ್ಯಾಟರಿ ಸರಿಸಿದ್ದು ಸರಿಯೇ. ಆದರೆ ಪಕ್ಷ ಅದಲುಬದಲು. ಅವನು ಅವಳ ಪರ ಮಾತಾಡಬೇಕು, ಅವಳು ಅವನ ಪರ. ಎದುರಾಳಿಯ ಜಾಗದಲ್ಲಿ ನಿಂತು ನೋಡಿದರೆ ಗಂಟು ತಾನೇ ಸಡಿಲಾಗುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಅವರು ಒಪ್ಪಿದ್ದು ನೋಡಿ ನನಗೇ ಅನುಮಾನ ಬರಬೇಕಿತ್ತು.

ಅವನು ಎದ್ದು ನಿಂತು, ನನ್ನ ಕಡೆ ತಿರುಗಿ, ಕೈ ಜೋಡಿಸಿದ. "ಮಾನ್ಯ ಅಧ್ಯಕ್ಷರೇ. ಒಬ್ಬರು ರಾತ್ರಿ ಹಗಲು ಕೂತು ತಿರುವಿನ ಲೆಕ್ಕ ಹಾಕಿದ್ರು. ಇನ್ನೊಬ್ಬರು ಒಂದು ಮಾತು ಹೇಳದೆ ತೂಕ ಬದಲಾಯಿಸಿದ್ರು. ಇದು ಅವಮಾನ ಅಲ್ವಾ, ಅಧ್ಯಕ್ಷರೇ?"

ಅವಳು ಎದ್ದಳು. "ಅಧ್ಯಕ್ಷರೇ, ಬ್ಯಾಟರಿ ಸರಿಸದೇ ಇದ್ದಿದ್ರೆ ಗಾಡಿ ಮೊದಲ ಹೆಜ್ಜೇಲೇ ಮೂಗು ಊರ್ತಿತ್ತು. ಹೇಳಾಕೆ ಹೋದ್ರೆ ಹಾಸ್ಟೆಲ್ ಗೇಟು ಹಾಕಿತ್ತು ಅನ್ನೋದನ್ನೂ ತಾವು ಗಮನಿಸಬೇಕು."

ಅಬ್ಬಾ, ಎಷ್ಟು ಚೆನ್ನಾಗಿ ಮಾತಾಡಿದರು! ಇಬ್ಬರಿಗೂ ಇನ್ನೊಬ್ಬರ ಕಷ್ಟ ಪೂರ್ತಿ ತಿಳಿದಿತ್ತು. ಒಂದೊಂದು ವಾಕ್ಯಕ್ಕೂ ಒಂದೊಂದು ಅಧ್ಯಕ್ಷರೇ. ಒಮ್ಮೆಯೂ ಮುಖ ನೋಡಲಿಲ್ಲ. ಮುಗಿದ ಮೇಲೆ ಅವನು ಕೂತು, "ಅವಳಿಗೆ ಹೇಳು, ಕೊನೇ ಪಾಯಿಂಟ್ ಚೆನ್ನಾಗಿತ್ತು ಅಂತ," ಎಂದ.

ಗೋವಿನಕೋವಿಯವನು ಒಂದು ಕಿವಿ ಬಿಡುಗಡೆ ಮಾಡಿ, "ಅಧ್ಯಕ್ಷರೇ, ಪಂಪ್ ಹೊಡೀಬೇಕಿತ್ತು ಸೈಕಲ್‌ಗೆ, ಹೋಗಿ ಬರ್ಲಾ?" ಎಂದು ಹೊರಟೇ ಹೋದ. ಸೈಕಲ್ ಇರಲೇ ಇಲ್ಲ ಅವನಿಗೆ.

ಮನೆಗೆ ನಡೆಯುವಾಗ ಹೊಳೆಯಿತು. ಇಷ್ಟು ವರ್ಷ ನಾನು ಕಲಿತ ಕಲೆಯ ಮೊದಲ ನಿಯಮವೇ ಎದುರಾಳಿಯನ್ನು ನೇರ ಸಂಬೋಧಿಸಬಾರದು, ಅಧ್ಯಕ್ಷರಿಗೆ ಹೇಳಬೇಕು ಎಂಬುದಲ್ಲವೇ? ನಾನು ಅಡುಗೆಮನೆಯಿಂದ ಓಡಿ ಬಂದು ಇನ್ನೊಂದು ಅಡುಗೆಮನೆಯ ವೇದಿಕೆ ಹತ್ತಿದ್ದೆ. ಈ ಯೋಚನೆ ನನಗೆ ಹಿತವಾಗಿರಲಿಲ್ಲ. ಅದನ್ನು ಖಂಡಿಸಲು ಪಾಯಿಂಟ್ ಹುಡುಕಿದೆ, ಸಿಗಲಿಲ್ಲ.

ಎರಡನೇ ದಾರಿ ಮುಷ್ಕರ. "ಇವತ್ತಿನಿಂದ ನಾನು ಯಾರ ಮಾತನ್ನೂ ಯಾರಿಗೂ ಮುಟ್ಟಿಸಲ್ಲ," ಎಂದು ಘೋಷಿಸಿ, ಬಾಯಿಗೆ ಬೀಗ ಹಾಕಿ ಮೂಲೆಯಲ್ಲಿ ಕೂತೆ. ಅವಶ್ಯಕತೆ ಬಿದ್ದರೆ ಮಾತಾಡಿಯೇ ಆಡುತ್ತಾರೆ, ಎಲ್ಲಿ ಹೋಗುತ್ತಾರೆ?

ನಮ್ಮ ಅಭ್ಯಾಸದ ಅಖಾಡ ಒಂದು ಹಳೇ ಫ್ಲೆಕ್ಸ್ ಬ್ಯಾನರು. ಯಾರದೋ ಹುಟ್ಟುಹಬ್ಬಕ್ಕೆ ಹಾಕಿದ್ದನ್ನು ಬಿಚ್ಚಿ ತಂದು ಮಗುಚಿ ಹಾಸಿ, ಬಿಳಿ ಬೆನ್ನಿನ ಮೇಲೆ ಕಪ್ಪು ಟೇಪು ಅಂಟಿಸಿದ್ದೆವು. ಆ ಮಧ್ಯಾಹ್ನ ಹೊಸ ಮೋಟರು ಹಾಕಿ ಗಾಡಿ ಬಿಟ್ಟರೆ ಅದು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಬಂತು. ಇಬ್ಬರೂ ನೋಡಿದರು. ಅವನು ಗಾಡಿ ಎತ್ತಿಕೊಂಡು ಮೋಟರಿನ ಎರಡು ವೈರುಗಳನ್ನು ಅದಲುಬದಲು ಮಾಡಿದ. ಅದೇ ಹೊತ್ತಿಗೆ ಅವಳು ಪ್ರೋಗ್ರಾಮಿನಲ್ಲಿ ಹಿಂದೆ ಅನ್ನುವುದನ್ನು ಮುಂದೆ ಮಾಡಿ ಗಾಡಿಗೆ ಕಳಿಸಿದಳು. ಇಬ್ಬರೂ ಸರಿಪಡಿಸಿದರು. ಎರಡು ಸರಿಗಳು ಒಂದನ್ನೊಂದು ಹೊಡೆದು ಹಾಕಿ ಗಾಡಿ ಮತ್ತೆ ಹಿಂದಕ್ಕೇ ಬಂತು.

ಅವನು ವೈರು ನೋಡಿದ, ತಲೆ ಕೆರೆದುಕೊಂಡ, ಮತ್ತೆ ಬದಲಿಸಿದ. ಅವಳು ಹುಬ್ಬು ಗಂಟಿಕ್ಕಿ ಮತ್ತೆ ಬದಲಿಸಿದಳು. ಗಾಡಿ ಹಿಂದಕ್ಕೆ. ಮೂಲೆಯಲ್ಲಿ ಕೂತ ನನಗೆ ಎಲ್ಲ ಕಾಣುತ್ತಿತ್ತು. ಗೋವಿನಕೋವಿಯವನಿಗೂ ಕಾಣುತ್ತಿತ್ತು; ಅವನು ಮುಖಕ್ಕೆ ಕರವಸ್ತ್ರ ಹಿಡಿದುಕೊಂಡು ಅಲುಗಾಡುತ್ತಿದ್ದ. ನಾನು ತುಟಿ ಕಚ್ಚಿಕೊಂಡೆ. ಈಗ ಕೇಳುತ್ತಾನೆ, ಈಗ ಕೇಳುತ್ತಾಳೆ. ಸಂಜೆ ಸರ್ ಬಂದಾಗಲೂ ಗಾಡಿ ಹಿಂದಕ್ಕೇ ಹೋಗುತ್ತಿತ್ತು; ಗೋಡೆಗೆ ಬೆನ್ನು ಕುಟ್ಟಿಕೊಂಡು ಕುಟ್ಟಿಕೊಂಡು ಅದರ ಹಿಂದಿನ ತಗಡು ನೆಗ್ಗಿಹೋಗಿತ್ತು.

"ಏನಿದು?" ಎಂದರು ಸರ್.

"ಇವ್ಳು ಹೇಳ್ತಿಲ್ಲ ಸರ್," ಎಂದು ಇಬ್ಬರೂ ಒಟ್ಟಿಗೆ ನನ್ನತ್ತ ಬೆರಳು ತೋರಿಸಿದರು. ಆ ತಿಂಗಳು ಅವರು ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಸರ್ ನನ್ನನ್ನು ನೋಡಿದ ನೋಟದಲ್ಲಿ ಬೈಗುಳವಿರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು: ನಂಬಿಕೆ. "ಅದಕ್ಕೇ ಹೇಳಿದ್ದು ಕಣಮ್ಮ, ನೀನು ಬಿಟ್ರೆ ನಿಲ್ತೈತೆ ಅಂತ." ನನ್ನ ಮುಷ್ಕರವೇ ನನ್ನ ವಿರುದ್ಧದ ಸಾಕ್ಷಿಯಾಗಿತ್ತು.

ಉಳಿದದ್ದು ಬಿಡಿಬಿಡಿಯಾಗಿ ಹಿಡಿಯುವುದು. ಅವನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದೆ. ಅವನು ಬಸವಾಪಟ್ಟಣದ ಮೇಲೆ ಹೋಗುವ ಬಸ್ಸಿಗೆ ಕಾಯುತ್ತಿದ್ದ.

"ಒಂದ್ ಮಾತು ಆಡಿದ್ರೆ ನಿನ್ನ ಗಂಟೇನು ಹೋಗ್ತೈತೆ ಮಾರಾಯ?"

"ನಾನು ಬ್ಯಾಡ ಅಂದಿಲ್ಲ. ಮಾತಾಡಾಕೆ ರೆಡಿ ಅದೀನಿ. ಅವ್ಳು ಮೊದ್ಲು ಆಡ್ಲಿ."

"ಅವ್ಳ್ಯಾಕೆ ಮೊದ್ಲು?"

"ನಾನ್ಯಾಕೆ ಮೊದ್ಲು?" ಬಸ್ ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿ, "ಹಾಸ್ಟೆಲ್‌ನಾಗೆ ಅವ್ಳಿಗೆ ಜ್ವರ ಅಂತಿದ್ರು, ಹೆಂಗದಾಳೆ ಕೇಳು," ಎಂದ.

ಹಾಸ್ಟೆಲಿನ ಗೇಟಿನ ಹತ್ತಿರ ಅವಳನ್ನು ಕೇಳಿದೆ. ಶಿವಮೊಗ್ಗದ ವಿಷಯವನ್ನೂ ಹೇಳಿದೆ. ಇದು ನನ್ನ ಕೊನೆಯ ಅವಕಾಶ ಎಂದೂ. ಅವಳಿಗೆ ನಿಜವಾಗಿ ಬೇಜಾರಾಯಿತು. ನನ್ನ ಕೈ ಹಿಡಿದುಕೊಂಡಳು.

"ನಿಂಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ ಕಣೇ."

"ಹಂಗಾದ್ರೆ ಅವನ ಹತ್ರ ಒಂದ್ ಮಾತಾಡು."

"ಅದೊಂದು ಬಿಟ್ಟು."

"ಯಾಕೆ?"

"ಅವತ್ತು ಮುಖ್ಯ ಅತಿಥಿಗಳ ಹಿಂದಿನ ಸಾಲಿನಾಗೆ ನನ್ನ ಅಪ್ಪ ಕೂತಿದ್ರು. ಅಷ್ಟು ದೂರದಿಂದ ಬಸ್ಸು ಬದಲಾಯಿಸಿ ನೋಡಾಕೆ ಬಂದಿದ್ರು. ಕೂತ್ಕೊಂಡು ಟೈಪ್ ಮಾಡೋರು ಅಂದ ಅವ್ನು, ಅಪ್ಪನ ಮುಂದೆ. ನಾನೇ ಮೊದ್ಲು ಮಾತಾಡಿದ್ರೆ ಅದು ಹೌದು ಅಂದಂಗಾಗ್ತೈತೆ."

ಇದಕ್ಕೂ ನನ್ನ ಬಳಿ ಪ್ರತಿವಾದವಿತ್ತು. ಹೇಳಲಿಲ್ಲ. ಅವನಿಗೆ ಇದನ್ನು ಮುಟ್ಟಿಸಲೇ ಎಂದು ಕೇಳಿದೆ. ಬೇಡ, ಇದು ಕಳಿಸೋ ಮಾತಲ್ಲ ಎಂದಳು. ಎಲ್ಲ ಮಾತನ್ನೂ ನನ್ನ ಮೂಲಕ ಕಳಿಸುವವಳು, ಕಳಿಸಬೇಕಾದ ಒಂದನ್ನು ಮಾತ್ರ ನನ್ನ ಬಳಿ ಇಟ್ಟು ಗೇಟು ಹಾಕಿಕೊಂಡು ಹೋದಳು. ಈಗ ನಾನು ಅದನ್ನೂ ಹೊತ್ತುಕೊಂಡು ತಿರುಗಬೇಕಾಯಿತು.

ಶುಕ್ರವಾರ ನನ್ನ ಹೆಸರು ವಾಪಸ್ ತೆಗೆದುಕೊಂಡೆ. ನನ್ನ ಬದಲಿಗೆ ಎರಡನೇ ವರ್ಷದ ಹುಡುಗಿಯೊಬ್ಬಳನ್ನು ಕಳಿಸಿದರು. ವಿಷಯ, ತಂತ್ರಜ್ಞಾನದಿಂದ ಮನುಷ್ಯ ಸಂಬಂಧಗಳು ಹಾಳಾಗುತ್ತಿವೆಯೇ ಎಂಬುದು. ಹತ್ತರಲ್ಲಿ ಒಂಬತ್ತು ಕಾಲೇಜುಗಳು ಇದೇ ವಿಷಯ ಕೊಡುತ್ತವೆ, ಹಾಗಾಗಿ ಅದರಲ್ಲಿ ವಿಶೇಷ ಕಾಣಬೇಕಿಲ್ಲ. ನಾನು ಇಲ್ಲ ಎಂದು ವಾದಿಸಲು ತಯಾರಾಗಿದ್ದೆ. ನನ್ನ ಪಾಯಿಂಟುಗಳನ್ನು ಅವಳಿಗೆ ಬಾಯಿಪಾಠ ಮಾಡಿಸುವಾಗ ಒಂದು ಕ್ಷಣ ಅನ್ನಿಸಿತು: ಈಗ ಇದನ್ನೂ ಇನ್ನೊಬ್ಬರ ಕೈಲಿ ಹೇಳಿ ಕಳಿಸುತ್ತಿದ್ದೇನೆ.

ಶನಿವಾರ ದಾವಣಗೆರೆ. ದೊಡ್ಡ ಸಭಾಂಗಣ, ನಡುವೆ ಹಗ್ಗ ಕಟ್ಟಿದ ಅಖಾಡ. ಹಗ್ಗದ ಒಳಗೆ ಒಂದು ತಂಡದಿಂದ ಇಬ್ಬರೇ, ಹೊರಗಿನವರು ತುಟಿ ಬಿಚ್ಚಬಾರದು. ಒಳಗೆ ಹೋಗುವ ಇಬ್ಬರ ಕೊರಳಿಗೆ ಹಳದಿ ಪಟ್ಟಿ: ಒಂದು ಅವನಿಗೆ, ಒಂದು ನನಗೆ.

ಪರೀಕ್ಷೆಗೆಂದು ಒಂದು ಸುತ್ತು ಬಿಟ್ಟರು. ಮೇಲೆ ಕಣ್ಣು ಕುಕ್ಕುವ ದೀಪಗಳು, ಕೆಳಗೆ ಹೊಳೆಯುವ ನೆಲಹಾಸು. ಗಾಡಿಯ ಕಣ್ಣಿಗೆ ಕಪ್ಪು ಗೆರೆಯೂ ಬಿಳಿಯಾಗಿ ಕಂಡು ಅದು ಗೆರೆ ಬಿಟ್ಟು ಎಲ್ಲೋ ಹೋಯಿತು. ಹಗ್ಗದ ಆಚೆಯಿಂದ ಅವಳು ನನಗೆ ಕೂಗಿದಳು: "ಅವನಿಗೆ ಹೇಳು, ಸೆನ್ಸರ್‌ಗೆ ನೆರಳು ಮಾಡಾಕೆ! ಅಳತೆ ಬದಲಾಯಿಸ್ಬೇಕು!" ಅಲ್ಲಿದ್ದ ಸ್ವಯಂಸೇವಕ ಓಡಿ ಬಂದು ಗದರಿದ. ಹೊರಗಿನವರು ಮಾತಾಡುವ ಹಾಗಿಲ್ಲ. ಪ್ರೋಗ್ರಾಂ ಬದಲಾಯಿಸಬೇಕಿದ್ದರೆ ಬದಲಾಯಿಸುವವರು ಒಳಗಿರಬೇಕು.

ಒಳಗೆ ಇಬ್ಬರೇ. ರಿಮೋಟ್ ಹಿಡಿದವನು ಹೊರಗೆ ಬರುವ ಹಾಗಿಲ್ಲ.

ನಾನು ಹಗ್ಗದ ಅಡಿಯಿಂದ ನುಸುಳಿ ಬಂದು ಹಳದಿ ಪಟ್ಟಿ ತೆಗೆದು ಅವಳ ಕೊರಳಿಗೆ ಹಾಕಿದೆ. ಅವಳು ಲ್ಯಾಪ್‌ಟಾಪ್ ಎದೆಗವಚಿಕೊಂಡು ಒಳಗೆ ಹೋಗಿ ಅಳತೆ ಬದಲಾಯಿಸಿದಳು.

ಸೀಟಿ ಊದಿದರು. ಮೊದಲರ್ಧ ಗಾಡಿ ಗೆರೆ ಹಿಡಿದು ಸಲೀಸಾಗಿ ಹೋಗಿ ಕೊನೆಗೆ ನಿಂತಿತು. ಅವನು ರಿಮೋಟ್ ಹಿಡಿದು ಬೆನ್ನು ತಿರುಗಿಸಿದ. ಅವಳು ಗಾಡಿಯ ಪಕ್ಕ ನಿಂತಳು. ಗೋಡೆಯ ಮೇಲಿನ ದೊಡ್ಡ ಗಡಿಯಾರ ಓಡುತ್ತಿತ್ತು. ಅವನು ಸುಮ್ಮನೆ. ಅವಳು ಸುಮ್ಮನೆ. ನನ್ನ ಬಾಯಿಯೊಳಗೆ "ಎಡಕ್ಕೆ" ಎಂಬ ಪದ ತುಂಬಿಕೊಂಡು ನಿಂತಿತ್ತು, ಸ್ವಯಂಸೇವಕ ನನ್ನ ಮುಂದೆ ತುಟಿ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ಅಷ್ಟು ಜನರ ನಡುವೆ ಅಷ್ಟು ಇಕ್ಕಟ್ಟು ನನಗೆ ಆ ಕಂಬಿ ಕಿಟಕಿಯ ಕೋಣೆಯಲ್ಲೂ ಆಗಿರಲಿಲ್ಲ.

ಆಗ ಅವಳು ನೆಲಕ್ಕೆ ಮಂಡಿಯೂರಿ, ಗಾಡಿಯ ಮೂತಿಗೆ ಮೂತಿ ತಂದು, ಹೇಳಿದಳು:

"ಏ ಗಾಡಿ. ಎಡಕ್ಕೆ ಬಾ. ಸ್ವಲ್ಪ."

ಅವನ ಹೆಬ್ಬೆರಳು ಅಲುಗಿತು. ಗಾಡಿ ಎಡಕ್ಕೆ ಬಂತು.

"ಬಾ, ಬಾ. ನಿಲ್ಲು. ಗಾಡಿ, ನಿಲ್ಲು ಅಂದ್ರೆ ನಿಲ್ಬೇಕು!"

ಅವನು ಕೈಯಲ್ಲಿದ್ದ ರಿಮೋಟಿಗೆ ಹೇಳಿದ: "ಗಾಡಿ, ನಿಂತೀನಿ ಅಂತ ಹೇಳು. ಕಿರುಚಬ್ಯಾಡ ಅಂತಲೂ ಹೇಳು."

"ಗಾಡಿ, ಕೆಲವ್ರಿಗೆ ಕಿರುಚಿದ್ರೇನೇ ಕೇಳ್ಸೋದು. ಬಲಕ್ಕೆ. ಇನ್ನಾ ಬಲಕ್ಕೆ. ಇಕ್ಕಳ ಬಿಡು."

ಸಭಾಂಗಣದಲ್ಲಿ ನಗು ಎದ್ದಿತು. ತೀರ್ಪುಗಾರರೊಬ್ಬರು ಸರ್ ಕಡೆ ಬಾಗಿ, "ಇದು ಧ್ವನಿಯಿಂದ ನಡೆಯೋದಾ?" ಎಂದು ಕುತೂಹಲದಿಂದ ಕೇಳಿದರು. "ಇಲ್ಲ ಸರ್," ಎಂದರು ನಮ್ಮ ಸರ್, "ನಮ್ಮ ಕಡೆ ಹಿಂಗೇ." ಗೋವಿನಕೋವಿಯವನು ಆ ದಿನ ಮೊದಲ ಸಲ ಎರಡೂ ಇಯರ್‌ಫೋನ್ ತೆಗೆದು ಜೇಬಿಗಿಟ್ಟ.

ಗಾಡಿ ಕೊನೆ ಮುಟ್ಟಿತು. ಎರಡನೇ ಸುತ್ತಿನಲ್ಲಿ ಇಕ್ಕಳದ ಬೋಲ್ಟು ಸಡಿಲಾಗಿ ಹಿಡಿದ ಮರದ ತುಂಡು ಜಾರಿ ಬಿತ್ತು, ನಾವು ಹೊರಬಿದ್ದೆವು. ಬೋಲ್ಟು ಯಾರ ತಪ್ಪು ಎಂಬುದನ್ನು ಅವರು ಹೊರಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಗಾಡಿಯ ಮೂಲಕವೇ ಇತ್ಯರ್ಥ ಮಾಡಿಕೊಂಡರು. ಆಮೇಲೆ ಅವನು, "ಗಾಡಿ, ಅವತ್ತು ಅವ್ರ ಅಪ್ಪಾಜಿ ಮುಂದೆ ಅಂದಿದ್ದು ತಪ್ಪಾಯ್ತು ಅನ್ನು," ಎಂದ. ಅವನಿಗೆ ಅದು ಗೊತ್ತಿತ್ತು! ಯಾರೂ ಮುಟ್ಟಿಸದೆಯೇ ಗೊತ್ತಿತ್ತು. ಅವಳು ತನ್ನ ಮೆಣಸಿನಕಾಯಿ ಎತ್ತಿ ಗಾಡಿಯ ಇಕ್ಕಳಕ್ಕೆ ಸಿಕ್ಕಿಸಿದಳು. ಅವನು ಅದನ್ನು ಬಿಡಿಸಿಕೊಂಡು ತಿಂದ.

ನನಗೆ ಸಂತೋಷವಾಗಬೇಕಿತ್ತು. ಆಗಿತ್ತು ಕೂಡ, ಅರ್ಧ. ಇನ್ನರ್ಧಕ್ಕೆ ಒಂದೇ ಪ್ರಶ್ನೆ: ಈ ಗಾಡಿ ಇಷ್ಟು ದಿನ ಲ್ಯಾಬಿನ ಮೇಜಿನ ಮೇಲೆ, ಅವರಿಬ್ಬರ ಮಧ್ಯೆಯೇ ಇತ್ತಲ್ಲ? ಬೆಕ್ಕಿನ ಕಥೆ ಗೊತ್ತಿದ್ದದ್ದು ನನಗೊಬ್ಬಳಿಗೇ ಅಲ್ಲವೇ? ಬಸ್ಸಿನಲ್ಲಿ ಅವರು ಗಾಡಿಯನ್ನು ಮಧ್ಯೆ ಕೂರಿಸಿಕೊಂಡರು. ನನಗೆ ಹಿಂದಿನ ಸೀಟು. ಶಿವಮೊಗ್ಗದಿಂದ ಆ ಹುಡುಗಿಯ ಫೋನು ಬಂತು. ನನ್ನ ಪಾಯಿಂಟುಗಳಿಗೆ ಮೊದಲ ಬಹುಮಾನ ಬಂದಿತ್ತು. "ಎಲ್ಲಾ ನೀವು ಹೇಳ್ಕೊಟ್ಟಂಗೇ ಹೇಳ್ದೆ ಅಕ್ಕ," ಎಂದಳು. ಚೆನ್ನಾಗಾಯಿತು ಎಂದೆ. ಮುಂದಿನ ಸೀಟಿನಲ್ಲಿ ಅವಳು, "ಗಾಡಿ, ಕಿಟಕಿ ಹಾಕಾಕೆ ಹೇಳು, ಗಾಳಿ," ಎನ್ನುತ್ತಿದ್ದಳು.

ಚನ್ನಗಿರಿ ಮುಟ್ಟುವಾಗ ಕಾಲೇಜಿಗೆ ಬೀಗ ಬಿದ್ದಿತ್ತು. ಊರಿನವಳು ನಾನೇ ಆದ್ದರಿಂದ ಗಾಡಿ ನಮ್ಮ ಮನೆಗೆ ಬಂತು. ಪಡಸಾಲೆಯಲ್ಲಿಟ್ಟು, ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ಒಳಗೆ ತನ್ನ ಒಲೆಯ ಮುಂದೆ ದೊಡ್ಡಮ್ಮ ಸೌಟು ಆಡಿಸುವುದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದದ್ದು ಗೊತ್ತಾಗುತ್ತಿತ್ತು. ಗಾಡಿಗೆ ಮೆಣಸಿನಕಾಯಿ ಸಿಕ್ಕಿಸಿದಲ್ಲಿ ಇಬ್ಬರೂ ಒಟ್ಟಿಗೆ ನಕ್ಕರು, ಇವಳು ಇಲ್ಲಿ, ಅವಳು ಅಲ್ಲಿ.

ಹೊತ್ತು ಮುಳುಗಿ ಸೊಳ್ಳೆ ಬರತೊಡಗಿದ್ದವು. ಅಮ್ಮ ಎಂದಳು: "ನಿಮ್ಮ ದೊಡ್ಡಮ್ಮಗೆ ಹೇಳು, ಹಿತ್ತಲ ಬಾಗಿಲು ಹಾಕಾಕೆ."

ನಾನು ಗಾಡಿಯನ್ನು ಎತ್ತಿ ತಂದು ಪಡಸಾಲೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಮೇಲಿಟ್ಟೆ. "ಇದಕ್ಕೆ ಹೇಳು."

ಅಮ್ಮ ಅದನ್ನೇ ನೋಡಿದಳು. "ಇದು ಹೋಗಿ ಹೇಳ್ತೈತಾ?"

"ಬೆಕ್ಕು ಹೇಳ್ತಿತ್ತಾ?"

ಒಳಗಿನಿಂದ ದೊಡ್ಡಮ್ಮನ ದನಿ ಬಂತು: "ನಿಮ್ಮಮ್ಮಗೆ ಹೇಳು, ಬೆಕ್ಕು ಇದಕ್ಕಿಂತ ಚಂದ ಕೇಳ್ತಿತ್ತು ಅಂತ."

"ನಿಮ್ಮ ದೊಡ್ಡಮ್ಮಗೆ ಹೇಳು, ಅದಕ್ಕೆ ಹಾಲು ಹಾಕ್ತಿದ್ದೋಳು ನಾನು ಅಂತ."

ಹೊಸ್ತಿಲ ಮೇಲೆ ಗಾಡಿ ಇಕ್ಕಳ ತೆರೆದುಕೊಂಡು ಕೂತಿತ್ತು. ಅದರ ಆಚೆ ಒಬ್ಬಳು, ಈಚೆ ಒಬ್ಬಳು. ಇಬ್ಬರೂ ನೋಡುತ್ತಿದ್ದದ್ದು ನನ್ನನ್ನು. ನಾನು ಮಾತಾಡದೆ ನಿಂತೆ. ಅವರಿಗೆ ಅವಸರವಿರಲಿಲ್ಲ, ಇಷ್ಟು ವರ್ಷ ಕಾದವರು. ಬಾಗಿಲಿನಿಂದ ಸೊಳ್ಳೆಗಳು ಬರುತ್ತಲೇ ಇದ್ದವು.

"ದೊಡ್ಡಮ್ಮ," ಎಂದೆ, "ಹಿತ್ತಲ ಬಾಗಿಲು ಹಾಕಬೇಕಂತೆ."

"ಕೇಳಿಸ್ತು," ಎಂದಳು ದೊಡ್ಡಮ್ಮ, ಹೋಗಿ ಬಾಗಿಲು ಹಾಕಿ ಚಿಲಕ ಎಳೆದಳು.